ಪಿಲಿಕುಳವನ್ನು ಒಂದು ದಿನದಲ್ಲಿ ನೋಡುವ ಕ್ರಮ

ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಹೋಗಿ ಬಂದವರನ್ನು ಕೇಳಿದರೆ ಎರಡು ಬಗೆಯ ಉತ್ತರ ಸಿಗುತ್ತದೆ. ‘ಅಲ್ಲಿ ಏನುಂಟು, ಹುಲಿ ಮಲಗಿತ್ತು, ನಡೆದು ನಡೆದು ಕಾಲು ನೋವು ಬಂತು’ ಎನ್ನುವವರು ಕೆಲವರು. ‘ಒಂದು ದಿನ ಸಾಲಲಿಲ್ಲ, ಇನ್ನೊಮ್ಮೆ ಹೋಗಬೇಕು’ ಎನ್ನುವವರು ಕೆಲವರು. ಇಬ್ಬರೂ ನೋಡಿದ್ದು ಮೃಗಾಲಯ, ಕೆರೆ, ತಾರಾಲಯ, ವಾಟರ್ ಪಾರ್ಕ್ ಎಲ್ಲವೂ ಇರುವ ಒಂದೇ ಜಾಗವನ್ನು. ವ್ಯತ್ಯಾಸ ಇರುವುದು ನೋಡಿದ ಕ್ರಮದಲ್ಲಿ. ಯಾವುದನ್ನು ಬೆಳಗ್ಗೆ ನೋಡಬೇಕು, ಯಾವುದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಕು, ಯಾವುದನ್ನು ಬಿಸಿಲು ತಗ್ಗಿದ ಮೇಲೆ ನೋಡಬೇಕು ಎಂಬ ಲೆಕ್ಕ ತಪ್ಪಿದರೆ, ಕರಾವಳಿಯ ಬೆವರು ಸುರಿಸುವ ಸೆಕೆಯಲ್ಲಿ ಎಷ್ಟು ಚೆಂದದ ಜಾಗವೂ ಶಿಕ್ಷೆಯಾಗುತ್ತದೆ. ಆ ಲೆಕ್ಕವನ್ನು, ಜೊತೆಗೆ ಆ ಜಾಗದ ಹಿನ್ನೆಲೆಯನ್ನು, ಮೊದಲ ಬಾರಿ ಹೋಗುವ ಕುಟುಂಬಗಳಿಗಾಗಿ ಇಲ್ಲಿ ಬರೆದಿದ್ದೇನೆ.

ನಾವು ಮೊದಲ ಸಲ ಹೋದದ್ದು ಮೇ ತಿಂಗಳ ಒಂದು ಭಾನುವಾರ. ಮನೆ ಬಿಟ್ಟಾಗಲೇ ಹತ್ತೂವರೆ ಆಗಿತ್ತು. ಮಕ್ಕಳ ಒತ್ತಾಯಕ್ಕೆ ಮೊದಲು ಕೆರೆಗೆ ಹೋಗಿ ದೋಣಿಗಾಗಿ ಸಾಲಿನಲ್ಲಿ ನಿಂತೆವು, ನೆತ್ತಿ ಸುಡುವ ಹೊತ್ತಿಗೆ ಮೃಗಾಲಯ ಹೊಕ್ಕೆವು. ಪ್ರಾಣಿಗಳೆಲ್ಲ ನೆರಳು ಹುಡುಕಿ ಮಲಗಿದ್ದವು. ಅಮ್ಮನಿಗೆ ಅರ್ಧ ದಾರಿಯಲ್ಲೇ ಮುಂದೆ ನಡೆಯಲಾಗಲಿಲ್ಲ. ತಾರಾಲಯದ ಬಾಗಿಲಿಗೆ ಬರುವಾಗ ಆ ಪ್ರದರ್ಶನದ ಟಿಕೆಟ್ ಮುಗಿದಿತ್ತು. ಮರುವರ್ಷ ಜನವರಿಯಲ್ಲಿ ಅದೇ ಕುಟುಂಬ, ಅದೇ ಅಮ್ಮ, ಅದೇ ಜಾಗ. ಕ್ರಮವೊಂದನ್ನು ಬದಲಿಸಿಕೊಂಡೆವು, ಸಂಜೆಯವರೆಗೂ ಯಾರೂ ದಣಿವು ಎನ್ನಲಿಲ್ಲ.

ಹೆಸರು ಮತ್ತು ಹಿನ್ನೆಲೆ

‘ಪಿಲಿ’ ಎಂದರೆ ತುಳುವಿನಲ್ಲಿ ಹುಲಿ, ‘ಕುಳ’ ಎಂದರೆ ಕೊಳ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೆರೆ ಎಂಬುದರಿಂದ ಈ ಹೆಸರು ಬಂತೆಂದು ಊರಿನವರು ಹೇಳುತ್ತಾರೆ. ನವರಾತ್ರಿಯಲ್ಲಿ ಪಿಲಿವೇಷ ಹಾಕಿ ಕುಣಿಯುವ, ಪಿಲಿಚಾಮುಂಡಿ ಎಂಬ ದೈವವನ್ನು ನಂಬುವ ನಾಡಿನಲ್ಲಿ ಕೆರೆಯೊಂದು ಹುಲಿಯ ಹೆಸರು ಹೊತ್ತಿರುವುದು ಸಹಜವೇ. ಮಂಗಳೂರು ನಗರದ ಪೂರ್ವಕ್ಕೆ, ವಾಮಂಜೂರಿನ ಹತ್ತಿರ ಮೂಡುಶೆಡ್ಡೆ ಗ್ರಾಮದಲ್ಲಿ, ಕೆಂಪುಕಲ್ಲಿನ ಗುಡ್ಡಗಳ ಮೇಲೆ ಮುನ್ನೂರೈವತ್ತು ಎಕರೆಗೂ ಮೀರಿ ಹರಡಿರುವ ಈ ಜಾಗದ ಅಂಚಿನಲ್ಲಿ ಗುರುಪುರ ನದಿ, ಅಂದರೆ ಫಲ್ಗುಣಿ, ಹರಿಯುತ್ತದೆ.

1990ರ ದಶಕದ ಉತ್ತರಾರ್ಧದಲ್ಲಿ ದಕ್ಷಿಣ ಕನ್ನಡ ಜಿಲ್ಲಾಡಳಿತದ ಮುತುವರ್ಜಿಯಿಂದ ಇದು ರೂಪುಗೊಂಡಿತು. ಇದರ ಪೂರ್ಣ ಹೆಸರು ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮ. 1902ರಲ್ಲಿ ಕೋಟದಲ್ಲಿ ಹುಟ್ಟಿ 1997ರವರೆಗೆ ಬಾಳಿದ, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗ ನಡೆಸಿದ, ಯಕ್ಷಗಾನದಿಂದ ಪರಿಸರದವರೆಗೆ ತಮ್ಮ ಆಸಕ್ತಿಯನ್ನು ಹರಡಿಕೊಂಡಿದ್ದ ಕಾರಂತರ ಹೆಸರು ಇಲ್ಲಿಗೆ ಹೊಂದುವಷ್ಟು ಬೇರೆಲ್ಲಿಗೂ ಹೊಂದಲಾರದೆಂದು ನನಗೆ ಅನಿಸುತ್ತದೆ. ಪ್ರಾಣಿ, ಮರ, ನಕ್ಷತ್ರ, ಕುಂಬಾರನ ಮಣ್ಣು ಎಲ್ಲವೂ ಒಂದೇ ಬೇಲಿಯೊಳಗೆ ಇರುವುದು ಅವರ ಮನೋಧರ್ಮಕ್ಕೆ ಒಪ್ಪುವ ಸಂಗತಿ. ಆರಂಭದ ವರ್ಷಗಳಲ್ಲಿ ಕಾರ್ಯನಿರ್ವಾಹಕ ನಿರ್ದೇಶಕರಾಗಿ ಇದನ್ನು ಬೆಳೆಸಿದವರಲ್ಲಿ ಜೆ.ಆರ್. ಲೋಬೊ ಪ್ರಮುಖರು, ಅವರು ಮುಂದೆ ಮಂಗಳೂರು ನಗರ ದಕ್ಷಿಣ ಕ್ಷೇತ್ರದ ಶಾಸಕರಾದರು. ಈಗ ಪಿಲಿಕುಳ ಅಭಿವೃದ್ಧಿ ಪ್ರಾಧಿಕಾರ ಎಂಬ ವ್ಯವಸ್ಥೆ ಇದೆ.

ಅದಕ್ಕೂ ಹಿಂದೆ ಮಂಗಳೂರಿನ ಮಕ್ಕಳಿಗೆ ಆಟದ ಜಾಗವೆಂದರೆ ಕದ್ರಿ ಪಾರ್ಕು. ಅಲ್ಲಿ ಬಾಲಮಂಗಳ ಎಕ್ಸ್‌ಪ್ರೆಸ್ ಎಂಬ ಪುಟಾಣಿ ರೈಲಿತ್ತು, ಪಕ್ಕದಲ್ಲಿ ಜಿಂಕೆಗಳಿದ್ದವು. ಆ ಪ್ರಾಣಿಗಳು ಮುಂದೆ ಪಿಲಿಕುಳಕ್ಕೆ ಬಂದವು. ಇನ್ನುಳಿದಂತೆ ಜಾತ್ರೆಯ ತೊಟ್ಟಿಲು, ಕರಾವಳಿ ಉತ್ಸವದ ಮೈದಾನಕ್ಕೆ ಬರುವ ಜೈಂಟ್ ವೀಲ್, ಇಷ್ಟೇ. ದೆಹಲಿಯಲ್ಲಿ ಅಪ್ಪು ಘರ್ ಎಂಬ ಮನರಂಜನಾ ಪಾರ್ಕು ತೆರೆದದ್ದು 1984ರಲ್ಲಿ. ನಮ್ಮ ರಾಜ್ಯದಲ್ಲಿ ಬೆಂಗಳೂರು ಹೊರವಲಯದ ವಂಡರ್‌ಲಾ ಆರಂಭವಾದದ್ದು 2005ರಲ್ಲಿ. ಅಂಥ ಪಾರ್ಕುಗಳಲ್ಲಿ ಎದೆ ನಡುಗಿಸುವ ಯಂತ್ರಗಳೇ ಮುಖ್ಯ. ಪಿಲಿಕುಳದಲ್ಲಿ ಅದು ಮೂಲೆಯ ಒಂದು ಭಾಗ ಮಾತ್ರ. ಯಂತ್ರದ ಆಟಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರುವವರು ಈ ವ್ಯತ್ಯಾಸವನ್ನು ಮಕ್ಕಳಿಗೆ ಮೊದಲೇ ತಿಳಿಸಿ ಕರೆತರುವುದು ಒಳ್ಳೆಯದು.

ಹೊರಡುವ ಮುನ್ನ

ಸೋಮವಾರ ಇಲ್ಲಿ ವಾರದ ರಜೆ. ಶಾಲಾ ರಜೆಯ ದಿನಗಳಲ್ಲಿ ಈ ಕ್ರಮ ಬದಲಾಗುವುದೂ ಉಂಟು, ಆದ್ದರಿಂದ ಹಿಂದಿನ ದಿನ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಮೃಗಾಲಯ ಎಷ್ಟು ಗಂಟೆಗೆ ತೆರೆಯುತ್ತದೆ, ತಾರಾಲಯದ ಕನ್ನಡ ಪ್ರದರ್ಶನ ಯಾವ ಹೊತ್ತಿಗೆ, ವಾಟರ್ ಪಾರ್ಕ್ ಆ ದಿನ ನಡೆಯುತ್ತದೆಯೇ. ಈ ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ಈಜುಡುಗೆ ಹೊತ್ತು ಬಂದ ಮಗುವಿಗೆ ಬಾಗಿಲಲ್ಲಿ ‘ಇಲ್ಲ’ ಎನ್ನುವುದಕ್ಕಿಂತ ದೊಡ್ಡ ಸಂಕಟ ಆ ದಿನಕ್ಕೆ ಬೇರೆ ಇಲ್ಲ. ಟಿಕೆಟ್ ದರ ಆಗಾಗ ಪರಿಷ್ಕರಣೆಯಾಗುತ್ತದೆ, ಬೇರೆ ಬೇರೆ ವಿಭಾಗಗಳ ಲೆಕ್ಕವೂ ಬೇರೆ ಬೇರೆ. ಕೌಂಟರಿನ ಫಲಕವನ್ನು ಪೂರ್ತಿ ಓದಿ, ನಿಮ್ಮ ದಿನಕ್ಕೆ ಬೇಕಾದದ್ದನ್ನಷ್ಟೇ ಕೊಳ್ಳಿ.

ಉಡುಪಿ ಕಡೆಯಿಂದ ಬರುವವರು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನಂತೂರಿನವರೆಗೆ ಬಂದು ಎಡಕ್ಕೆ ತಿರುಗಿ, ಕುಲಶೇಖರ ದಾಟಿ ವಾಮಂಜೂರು ತಲುಪಬೇಕು. ಅಲ್ಲಿಂದ ಮೂಡುಶೆಡ್ಡೆ ರಸ್ತೆ ಹಿಡಿದರೆ ಪಿಲಿಕುಳದ ಫಲಕಗಳು ಕಾಣಸಿಗುತ್ತವೆ. ಕಾರ್ಕಳ, ಮೂಡುಬಿದಿರೆಯವರು ಮಂಗಳೂರು ಪೇಟೆಗೆ ಹೋಗಬೇಕಾಗಿಲ್ಲ, ಗುರುಪುರ ಸೇತುವೆ ದಾಟಿ ಬಂದರೆ ವಾಮಂಜೂರು ದಾರಿಯಲ್ಲೇ ಸಿಗುತ್ತದೆ. ಬಸ್ಸಿನಲ್ಲಿ ಬರುವವರಿಗೆ ಸ್ಟೇಟ್ ಬ್ಯಾಂಕ್ ಬಳಿಯ ಸಿಟಿ ಬಸ್ ನಿಲ್ದಾಣದಿಂದ ಬಸ್ಸುಗಳಿವೆ. ಪಿಲಿಕುಳದವರೆಗೆ ಹೋಗುವ ಬಸ್ ತಪ್ಪಿದರೆ ವಾಮಂಜೂರಿನಲ್ಲಿ ಇಳಿದು ರಿಕ್ಷಾ ಹಿಡಿಯಬಹುದು. ಸಂಜೆ ಹಿಂದಿರುಗುವ ಬಸ್ ಯಾವಾಗ ಎಂದು ಇಳಿಯುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.

ಕಾಲಕ್ಕೆ ಬಂದರೆ, ನವೆಂಬರಿನಿಂದ ಫೆಬ್ರವರಿಯವರೆಗೆ ನಡೆಯಲು ಹಿತ. ಏಪ್ರಿಲ್, ಮೇ ತಿಂಗಳಲ್ಲಿ ರಜೆ ಇರುತ್ತದೆ, ಸೆಕೆಯೂ ಇರುತ್ತದೆ. ಆಗ ಕೆಳಗೆ ಹೇಳುವ ಕ್ರಮವನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಇದು. ಜೂನ್, ಜುಲೈಯಲ್ಲಿ ಹಸಿರು ಕಣ್ಣು ತುಂಬುತ್ತದೆ ನಿಜ, ಆದರೆ ಕೆಂಪುಕಲ್ಲಿನ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟಿ ಜಾರುತ್ತದೆ. ಮಳೆಗಾಲದಲ್ಲಿ ವಯಸ್ಸಾದವರನ್ನು ಕರೆತರುವುದಿದ್ದರೆ ಅಡಿಭಾಗದಲ್ಲಿ ಹಿಡಿತವಿರುವ ಚಪ್ಪಲಿ ಹಾಕಿಸಿ.

ಬೆಳಗ್ಗೆ: ಮೃಗಾಲಯ

ಬಾಗಿಲು ತೆರೆಯುವ ಹೊತ್ತಿಗೇ ಮೃಗಾಲಯದಲ್ಲಿರಬೇಕು. ಇಡೀ ದಿನದ ಯೋಜನೆಯಲ್ಲಿ ಬದಲಿಸಲೇಬಾರದ ಸಂಗತಿ ಇದೊಂದೇ. ಹುಲಿ, ಚಿರತೆಯಂಥ ಪ್ರಾಣಿಗಳು ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಚುರುಕಾಗಿದ್ದು, ಬಿಸಿಲು ಏರಿದಂತೆ ಮೈ ತಂಪಾಗಿರಿಸಿಕೊಳ್ಳಲು ನೆರಳಿನಲ್ಲಿ ಒರಗುತ್ತವೆ. ಅವು ಮಲಗಿರುವುದು ನಮ್ಮನ್ನು ನಿರಾಸೆಗೊಳಿಸಲಿಕ್ಕಲ್ಲ, ತಮ್ಮ ದೇಹದ ನಿಯಮಕ್ಕೆ. ಬೆಳಗಿನ ತಂಪಿನಲ್ಲಿ ಹುಲಿ ತನ್ನ ಆವರಣದ ಗಡಿಗುಂಟ ನಡೆಯುವುದನ್ನು ಕಾಣುವ ಸಾಧ್ಯತೆ ಹೆಚ್ಚು. ಆಗ ಅದರ ಹೆಗಲ ಮೂಳೆ ಚರ್ಮದಡಿ ಏರಿ ಇಳಿಯುವುದನ್ನು ಗಮನಿಸಿ. ಪಿಲಿವೇಷದವರು ಭುಜ ಕುಣಿಸುವುದನ್ನು ಎಲ್ಲಿಂದ ಕಲಿತರೆಂಬುದು ಆಗ ತಾನಾಗಿ ಅರ್ಥವಾಗುತ್ತದೆ.

ಒಳಗಿನ ದಾರಿ ಉದ್ದವಿದೆ, ಏರು ತಗ್ಗುಗಳೂ ಇವೆ. ಮೊಣಕಾಲು ನೋವಿನವರಿದ್ದರೆ ಒಳಗೆ ವಾಹನದ ವ್ಯವಸ್ಥೆ ಇದೆಯೇ ಎಂದು ಟಿಕೆಟ್ ಕೊಳ್ಳುವಾಗಲೇ ವಿಚಾರಿಸಿ. ಮೊದಲು ದೊಡ್ಡ ಪ್ರಾಣಿಗಳನ್ನು ಮುಗಿಸಿ, ಕಡವೆ, ಜಿಂಕೆ, ಹಕ್ಕಿಗಳನ್ನು ನಂತರಕ್ಕೆ ಇಟ್ಟುಕೊಳ್ಳಿ. ಗುಂಪಿನಲ್ಲಿ ಬದುಕುವ ಜಿಂಕೆಗಳು ಹೊತ್ತೇರಿದರೂ ಕಣ್ಣಿಗೆ ಕಾಣುತ್ತವೆ. ಮರಗಳ ಸಾಲಿನಲ್ಲಿ ನಡೆಯುವಾಗ ತಲೆಯೆತ್ತಿ ನೋಡುವ ಅಭ್ಯಾಸವಿರಲಿ. ಬೇಲಿಯೊಳಗೆ ಇಲ್ಲದ, ಯಾರೂ ತಂದು ಬಿಡದ ಹಕ್ಕಿಗಳೂ ಈ ಗುಡ್ಡದಲ್ಲಿ ಬೇಕಾದಷ್ಟಿವೆ.

ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಕಾಳಿಂಗ ಸರ್ಪದ ಮುಂದೆ. ಕಾಳಿಂಗ ಸರ್ಪವನ್ನು ಬಂಧನದಲ್ಲಿ ವೈಜ್ಞಾನಿಕವಾಗಿ ಮರಿ ಮಾಡಿಸಿದ ಸಾಧನೆಯಿಂದ ಪಿಲಿಕುಳದ ಮೃಗಾಲಯಕ್ಕೆ ದೇಶದ ಮೃಗಾಲಯಗಳ ನಡುವೆ ಪ್ರತ್ಯೇಕ ಹೆಸರಿದೆ. ವಿಷದ ಹಾವುಗಳಲ್ಲೇ ಇದು ಅತ್ಯಂತ ಉದ್ದದ್ದು, ಹದಿನೈದು ಅಡಿಗೂ ಮೀರಿ ಬೆಳೆಯಬಲ್ಲದು. ಇದರ ಆಹಾರ ಮುಖ್ಯವಾಗಿ ಬೇರೆ ಹಾವುಗಳು. ತರಗೆಲೆಗಳನ್ನು ತನ್ನ ಮೈಯ ಸುರುಳಿಯಿಂದಲೇ ಎಳೆದು ಗುಡ್ಡೆ ಹಾಕಿ, ಗೂಡು ಕಟ್ಟಿ, ಅದರಲ್ಲಿ ಮೊಟ್ಟೆಯಿಟ್ಟು ಕಾಯುವ ಹಾವು ಇದೊಂದೇ. ಕೊಳೆಯುವ ಎಲೆಗಳ ಬಿಸಿಯೇ ಮೊಟ್ಟೆಗೆ ಕಾವು. ಬಂಧನದಲ್ಲಿ ಇದನ್ನು ಮರಿ ಮಾಡಿಸುವುದು ಏಕೆ ಕಷ್ಟವೆಂಬುದು ಇದರಿಂದ ಊಹಿಸಬಹುದು: ಒಂದು ಇನ್ನೊಂದನ್ನು ನುಂಗದಂತೆ ಜೋಡಿ ಮಾಡಬೇಕು, ಎಲೆ, ತೇವ, ಕಾವು ಮೂರನ್ನೂ ವಾರಗಟ್ಟಲೆ ಹದದಲ್ಲಿ ಇಡಬೇಕು. 2024ರಲ್ಲಿ ಸಂಶೋಧಕರು ಕಾಳಿಂಗ ಸರ್ಪವೆಂದು ಇಷ್ಟು ಕಾಲ ಒಂದೇ ಎಣಿಸಿದ್ದನ್ನು ನಾಲ್ಕು ಪ್ರಭೇದಗಳಾಗಿ ಗುರುತಿಸಿದಾಗ, ನಮ್ಮ ಪಶ್ಚಿಮ ಘಟ್ಟದ ಹಾವಿಗೆ ‘ಒಫಿಯೋಫೇಗಸ್ ಕಾಳಿಂಗ’ ಎಂದು ಹೆಸರಿಟ್ಟರು. ಮನೆಯಲ್ಲಿ ನಾವು ಆಡುವ ಕನ್ನಡದ ಪದವೊಂದು ಜಗತ್ತಿನ ಪ್ರಾಣಿಶಾಸ್ತ್ರದಲ್ಲಿ ಸೇರಿಕೊಂಡಿದೆ ಎಂದು ಗಾಜಿನ ಮುಂದೆ ನಿಂತ ಮಕ್ಕಳಿಗೆ ಹೇಳಿ. ನನ್ನ ಮಗಳು ಅಂದಿನಿಂದ ಹಾವಿನ ವಿಷಯ ಬಂದಾಗಲೆಲ್ಲ ಅದನ್ನೇ ಹೇಳುತ್ತಾಳೆ.

ಗಾಜು ಬಡಿಯುವುದು, ಕಿರುಚುವುದು, ತಿಂಡಿ ಎಸೆಯುವುದು ಬೇಡ. ಹಾವಿಗೆ ನಮ್ಮ ಮಾತಿಗಿಂತ ಗಾಜಿನ ಕಂಪನವೇ ಹೆಚ್ಚು ತಾಗುತ್ತದೆ. ಪ್ಲಾಸ್ಟಿಕ್ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು ನಡೆಯಬೇಡಿ, ಗಾಳಿಗೆ ಹಾರಿ ಆವರಣದೊಳಗೆ ಬಿದ್ದದ್ದನ್ನು ಜಿಂಕೆ ಮೆದ್ದರೆ ಅದರ ಹೊಟ್ಟೆಯಿಂದ ತೆಗೆಯುವುದು ಸುಲಭವಲ್ಲ.

ಹೊತ್ತೇರಿದ ಮೇಲೆ: ಗುತ್ತಿನ ಮನೆ

ಹನ್ನೊಂದು, ಹನ್ನೊಂದೂವರೆಗೆ ಮೃಗಾಲಯ ಬಿಟ್ಟು ಸಂಸ್ಕೃತಿ ಗ್ರಾಮದ ಕಡೆ ನಡೆಯಿರಿ. ಬಹಳ ಜನ ಇದನ್ನು ಬಿಟ್ಟೇ ಹೋಗುತ್ತಾರೆ. ನನ್ನ ಮಟ್ಟಿಗೆ ಪಿಲಿಕುಳದಲ್ಲಿ ಬೇರೆಲ್ಲೂ ಸಿಗದ ವಸ್ತು ಇರುವುದು ಇಲ್ಲಿಯೇ.

ಗುತ್ತು ಎಂದರೆ ತುಳುನಾಡಿನ ಹಳೆಯ ಆಡಳಿತದ ಮನೆತನ. ಗುತ್ತಿನ ಯಜಮಾನ ಊರಿನ ಬೇಸಾಯ, ನ್ಯಾಯ, ದೈವದ ನೇಮ (ಆರಾಧನೆಯ ಉತ್ಸವ) ಎಲ್ಲಕ್ಕೂ ಹೊಣೆಗಾರ. ಅಳಿಯಕಟ್ಟಿನ ಮನೆತನಗಳಲ್ಲಿ ಆಸ್ತಿಯೂ ಅಧಿಕಾರವೂ ಹೆಣ್ಣಿನ ಕವಲಿನಲ್ಲಿ ಮುಂದುವರಿದು ಮಾವನಿಂದ ಸೋದರಳಿಯನಿಗೆ ಬರುತ್ತಿತ್ತು. ಅಂಥ ಮನೆಯೊಂದರ ಮಾದರಿಯಲ್ಲಿ ಕಟ್ಟಿದ ಈ ಮನೆಯನ್ನು ಒಳಗೆ ನುಗ್ಗಿ ಹೊರಬರುವಂತೆ ನೋಡಬಾರದು. ಹೆಬ್ಬಾಗಿಲಿನಲ್ಲಿ, ಅಂದರೆ ಪಡಿಪ್ಪಿರೆಯಲ್ಲಿ, ಒಂದು ನಿಮಿಷ ನಿಂತು ಅಂಗಳವನ್ನು ನೋಡಿ. ಬಂದವರು ಯಾರೆಂದು ಚಾವಡಿಯಲ್ಲಿ ಕೂತವರಿಗೆ ಕಾಣಬೇಕು, ಒಳಮನೆ ಮಾತ್ರ ಬಂದವರಿಗೆ ಕಾಣಬಾರದು. ಈ ಎರಡು ಅಗತ್ಯಗಳಿಂದಲೇ ಆ ಮನೆಗಳ ಆಕಾರ ಹುಟ್ಟಿದೆ. ಆಮೇಲೆ ಚಾವಡಿಯ ಕಂಬಗಳ ಹತ್ತಿರ ಹೋಗಿ. ಕೆತ್ತನೆ ಇರುವ ಮರದ ಕಂಬದ ಮೇಲೆ ಅಂಗೈ ಇಟ್ಟರೆ, ಹೊರಗೆ ಅಷ್ಟು ಬಿಸಿಲಿದ್ದರೂ ಮರ ತಣ್ಣಗಿರುವುದು ತಿಳಿಯುತ್ತದೆ. ಇಳಿಜಾರಿನ ಮಾಡು, ಆಳವಾದ ಜಗಲಿ, ದಪ್ಪ ಗೋಡೆ ಮಾಡಿದ ಕೆಲಸ ಅದು. ಹೊತ್ತೇರಿದ ಮೇಲೆ ಇಲ್ಲಿಗೆ ಬನ್ನಿ ಎನ್ನುವುದು ಆ ಕಾರಣಕ್ಕೇ.

ಮಾಡಿನ ಹಂಚಿಗೂ ಒಂದು ಕತೆಯಿದೆ. ಹಿಂದೆ ಇಲ್ಲಿನ ಮನೆಗಳಿಗೆ ಹೊದಿಕೆ ಮುಳಿಹುಲ್ಲು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ, ನದಿ ಬಯಲಿನ ಜೇಡಿಮಣ್ಣು ಕೆಂಪು ಹಂಚಾಗಿ ಹಡಗು ಹತ್ತಿ ದೂರದೂರಿಗೆ ಹೋಯಿತು, ‘ಮಂಗಳೂರು ಹಂಚು’ ಎಂಬ ಹೆಸರು ಉಳಿಯಿತು. ಮಳೆಗಾಲದಲ್ಲಿ ಬಂದವರು ಜಗಲಿಯಲ್ಲಿ ಹತ್ತು ನಿಮಿಷ ಕೂತು ಹಂಚಿನಿಂದ ಇಳಿಯುವ ನೀರಿನ ಸಾಲನ್ನು ನೋಡಲಿ.

ಅಮ್ಮ ಇಲ್ಲಿ ಹಳೆಯ ಅಳತೆಯ ಪಾತ್ರೆಯೊಂದರ ಮುಂದೆ ನಿಂತುಬಿಟ್ಟರು. ಅವರ ತವರು ಗದ್ದೆಯ ಮನೆ. ‘ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ’ ಎಂದು ಬೆರಳು ಮಡಚುತ್ತಾ ಮೊಮ್ಮಗಳಿಗೆ ಹೇಳತೊಡಗಿದರು. ಅಕ್ಕಿಯನ್ನು ಬೈಹುಲ್ಲಿನಲ್ಲಿ ಉಂಡೆ ಕಟ್ಟಿ, ಹುಲ್ಲಿನ ಹಗ್ಗದಿಂದ ಬಿಗಿದು, ಮುಡಿ ಮಾಡಿ ಅಟ್ಟದಲ್ಲಿ ಇಟ್ಟರೆ ವರ್ಷ ಕಳೆದರೂ ಹುಳ ಹಿಡಿಯುತ್ತಿರಲಿಲ್ಲವಂತೆ. ‘ಅಳೆಯುವಾಗ ಮೊದಲನೆಯದಕ್ಕೆ ಒಂದು ಅಂತ ಹೇಳಬಾರದು ಮಗಾ, ಲಾಭ ಅಂತ ಹೇಳಬೇಕು’ ಎಂದರು. ಹಿಂದಿನ ಸಲ ಅರ್ಧ ದಾರಿಯಲ್ಲೇ ಬಳಲಿ ಕೂತಿದ್ದವರು ಆ ದಿನ ನಮಗೆಲ್ಲ ಮನೆ ತೋರಿಸಿದರು. ಅಜ್ಜ, ಅಜ್ಜಿಯರಿದ್ದ ಕುಟುಂಬಗಳಿಗೆ ನನ್ನ ವಿನಂತಿ ಇಷ್ಟೆ: ಗುತ್ತಿನ ಮನೆಯಲ್ಲಿ ಅವರನ್ನು ಮುಂದೆ ಬಿಡಿ, ನೀವು ಹಿಂದೆ ನಡೆಯಿರಿ. ಫಲಕದಲ್ಲಿ ಬರೆಯದ್ದು ಅವರಿಗೆ ಗೊತ್ತಿರುತ್ತದೆ.

ಪಕ್ಕದಲ್ಲಿರುವ ಕುಶಲಕರ್ಮಿಗಳ ಗ್ರಾಮ ಇದರ ಮುಂದುವರಿಕೆಯೇ. ಕುಂಬಾರಿಕೆ, ನೇಯ್ಗೆ, ಕಮ್ಮಾರಿಕೆ, ಬೆತ್ತ ಬಿದಿರಿನ ಕೆಲಸ, ಗಾಣ, ಅವಲಕ್ಕಿ ತಯಾರಿಯಂಥ ಕಸುಬುಗಳಿಗೆ ಇಲ್ಲಿ ಜಾಗ ಮಾಡಿಕೊಟ್ಟಿದ್ದಾರೆ. ಎಲ್ಲ ಕಸುಬೂ ಎಲ್ಲ ದಿನ ನಡೆಯುವುದಿಲ್ಲ. ನಡೆಯುತ್ತಿರುವುದನ್ನು ಕೂತು ನೋಡಿ. ಕುಂಬಾರನ ತಿಗರಿ ತಿರುಗುತ್ತಿದ್ದರೆ ಅವರ ಎಡಗೈ ಹೆಬ್ಬೆರಳನ್ನು ಗಮನಿಸಿ. ಹೊರಗಿನ ಕೈ ಮಣ್ಣಿಗೆ ಆಸರೆ ಕೊಡುತ್ತದೆ, ಒಳಗಿನ ಹೆಬ್ಬೆರಳು ಮಣ್ಣನ್ನು ತೆಳ್ಳಗೆ ಮಾಡುತ್ತಾ ಮೇಲಕ್ಕೆ ತರುತ್ತದೆ. ಎರಡರ ನಡುವಿನ ಅಂತರವೇ ಮಡಕೆಯ ಗೋಡೆಯ ದಪ್ಪ. ಆಮೇಲೆ ನೂಲು ಹಿಡಿದು ಬುಡ ಕತ್ತರಿಸುವ ಕ್ಷಣ ಬರುತ್ತದೆ, ಅಲ್ಲಿಯವರೆಗೆ ಏಳಬೇಡಿ. ‘ಅಣ್ಣಾ, ಮಗು ಒಮ್ಮೆ ಕೈ ಇಡಬಹುದಾ?’ ಎಂದು ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕೆಲಸದ ನಡುವೆ ಕೇಳಬೇಡಿ, ಒಂದು ಪಾತ್ರೆ ಇಳಿಸಿದ ಮೇಲೆ ಕೇಳಿ. ಕೊಳ್ಳುವುದಿದ್ದರೆ ಬೆರಳ ಗೆಣ್ಣಿನಿಂದ ಬಡಿದು ನೋಡಿ, ಚೆನ್ನಾಗಿ ಬೆಂದ ಪಾತ್ರೆ ಗಣಗಣ ಎನ್ನುತ್ತದೆ, ಬಿರುಕಿದ್ದರೆ ಸ್ವರ ಒಡೆಯುತ್ತದೆ. ಆಯ್ದದ್ದನ್ನು ಅಲ್ಲೇ ಎತ್ತಿಡಲು ಹೇಳಿ, ಹಿಂದಿರುಗುವಾಗ ತೆಗೆದುಕೊಳ್ಳಿ.

ಮಧ್ಯಾಹ್ನ: ಊಟ, ವಿಜ್ಞಾನ ಕೇಂದ್ರ, ತಾರಾಲಯ

ಊಟಕ್ಕೆ ಮನೆಯಿಂದ ಬುತ್ತಿ ತರುವುದು ಉತ್ತಮ, ಇಲ್ಲವಾದರೆ ವಾಮಂಜೂರಿನ ಹೋಟೆಲುಗಳಿವೆ. ಬಿಸಿಲಿಗೆ ಬೊಂಡ (ಎಳನೀರು) ಅಥವಾ ಪುನರ್ಪುಳಿಯ (ಕೋಕಂ) ಶರಬತ್ತು ಸಾಕು. ಬಣ್ಣದ ಬಾಟಲಿಗಳಿಗಿಂತ ಅದೇ ದಾಹ ತಣಿಸುತ್ತದೆ.

ಒಂದರಿಂದ ನಾಲ್ಕರವರೆಗಿನ ಸುಡುವ ಹೊತ್ತು ಒಳಾಂಗಣದ್ದು. ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯಗಳ ಪರಿಷತ್ತು ರೂಪಿಸಿದ ಪ್ರಾದೇಶಿಕ ವಿಜ್ಞಾನ ಕೇಂದ್ರ ಇಲ್ಲಿದೆ. ತಿರುಗಿಸಿ, ಒತ್ತಿ, ಎಳೆದು ನೋಡುವ ಮಾದರಿಗಳ ಮುಂದೆ ಮಕ್ಕಳನ್ನು ಅವಸರಿಸಬೇಡಿ. ಏಕೆ ಹಾಗಾಗುತ್ತದೆ ಎಂದು ನೀವು ಹೇಳುವ ಮೊದಲು ಅವರ ಊಹೆ ಕೇಳಿ, ನಂತರ ಫಲಕ ಓದಿ.

ಸ್ವಾಮಿ ವಿವೇಕಾನಂದ ತಾರಾಲಯ ತೆರೆದದ್ದು 2018ರ ಮಾರ್ಚ್‌ನಲ್ಲಿ. ತ್ರಿಮಿತಿ ಚಿತ್ರಗಳನ್ನು 8ಕೆ ಸ್ಪಷ್ಟತೆಯಲ್ಲಿ ತೋರಿಸುವ ದೇಶದ ಮೊದಲ ತಾರಾಲಯವೆಂದು ಅದು ಆಗ ಹೆಸರಾಯಿತು. ಗುಮ್ಮಟದ ವ್ಯಾಸ 18 ಮೀಟರ್. ಅರ್ಧಗೋಳದ ಆ ಒಳಮೈಯೇ ಪರದೆಯಾದ್ದರಿಂದ ಮುಂದಿನ ಸಾಲಿನಲ್ಲಿ ಕೂತರೆ ಕತ್ತು ತೀರಾ ಹಿಂದಕ್ಕೆ ಬಾಗಬೇಕಾಗುತ್ತದೆ; ನಡುವಿನಿಂದ ಹಿಂದಿನ ಸಾಲುಗಳು ಅನುಕೂಲ. ವಿಶೇಷ ಕನ್ನಡಕ ಕೊಡುತ್ತಾರೆ, ಚಿಕ್ಕ ಮಕ್ಕಳ ಕಿವಿಗೆ ಅದು ನಿಲ್ಲುವುದಿಲ್ಲ, ಕೈಯಲ್ಲಿ ಹಿಡಿದುಕೊಳ್ಳಲು ಕಲಿಸಿ. ತೀರಾ ಎಳೆಯ ಮಕ್ಕಳು ಕತ್ತಲೆಗೆ ಬೆದರುತ್ತಾರೆ, ಅಂಥವರಿದ್ದರೆ ಬಾಗಿಲ ಬದಿಯ ಆಸನ ಹಿಡಿಯಿರಿ. ಟಿಕೆಟನ್ನು ಮಾತ್ರ ಬೆಳಗ್ಗೆಯೇ ವಿಚಾರಿಸಿ ಕಾದಿರಿಸಿಕೊಳ್ಳಬೇಕು. ನಾವು ಮೊದಲ ಸಲ ಎಡವಿದ್ದು ಅಲ್ಲಿಯೇ.

ಬಿಸಿಲನ್ನು ಇಷ್ಟು ದೂರಿದ ಮೇಲೆ ಅದರ ಒಂದು ಕೌತುಕವನ್ನೂ ಹೇಳಬೇಕು. ಮಂಗಳೂರು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ವರ್ಷಕ್ಕೆ ಎರಡು ದಿನ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ನಡುಹಗಲು ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ನಮ್ಮಲ್ಲಿ ಅದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಹತ್ತಿರ ನಡೆಯುತ್ತದೆ, ಏಕೆಂದರೆ ಭಾರತದ ಗಡಿಯಾರ ನಮಗಿಂತ ಪೂರ್ವದ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು. ಆ ದಿನಗಳ ಸುತ್ತಮುತ್ತ ಹೋಗುವವರು ಒಂದು ಬಾಟಲಿಯನ್ನು ಬಿಸಿಲಲ್ಲಿ ನಿಲ್ಲಿಸಿ ನೋಡಲಿ. ಏಪ್ರಿಲಿನಲ್ಲಿ ಮಾಡುವುದು ಸುಲಭ, ಆಗಸ್ಟಿನಲ್ಲಿ ಮೋಡ ಬಿಟ್ಟುಕೊಡಬೇಕು.

ವಾಟರ್ ಪಾರ್ಕಿಗೆ ಹೋಗುವವರಿಗೆ

ಮಾನಸ ವಾಟರ್ ಪಾರ್ಕ್ ನಿಮ್ಮ ಮುಖ್ಯ ಉದ್ದೇಶವಾಗಿದ್ದರೆ ಅದನ್ನು ಉಳಿದದ್ದರ ಜೊತೆ ತುರುಕಬೇಡಿ. ಬೆಳಗ್ಗೆ ಮೃಗಾಲಯ, ಮಧ್ಯಾಹ್ನದಿಂದ ನೀರು, ಅಷ್ಟೇ ಇರಲಿ. ತಾರಾಲಯ ಇನ್ನೊಂದು ದಿನಕ್ಕಾಗುತ್ತದೆ. ಹೊಟ್ಟೆ ತುಂಬ ಉಂಡು ನೇರ ನೀರಿಗೆ ಇಳಿಯಬೇಡಿ. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಜಾರುಬಂಡೆಯಲ್ಲಿ ತಡೆಯುತ್ತದೆ. ನೈಲಾನಿನ ಬಟ್ಟೆಯೇ ಬೇಕು, ಲೋಹದ ಗುಂಡಿ, ಜಿಪ್ಪು ಇರದಿದ್ದರೆ ಮೈಯೂ ಜಾರುಬಂಡೆಯೂ ಗೀರುವುದಿಲ್ಲ. ಚಿನ್ನವನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಕೃತಕ ಅಲೆಯ ಕೊಳಗಳಲ್ಲಿ ಆಳದ ತುದಿಯ ಗೋಡೆಯ ಹಿಂದಿರುವ ಯಂತ್ರ ನೀರನ್ನು ಲಯಬದ್ಧವಾಗಿ ತಳ್ಳುತ್ತದೆ, ನೆಲ ಇಳಿಜಾರಾಗಿರುವುದರಿಂದ ಅಲೆ ದಡಕ್ಕೆ ಬರುವಾಗ ಒಡೆಯುತ್ತದೆ. ಪಣಂಬೂರಿನ ಕಡಲಿನಂತೆ ಇದರಲ್ಲಿ ಕಾಲಡಿಯ ಮರಳು ಜಾರುವುದಿಲ್ಲ, ಒಳಕ್ಕೆ ಎಳೆಯುವ ಪ್ರವಾಹವೂ ಇಲ್ಲ. ಆದರೆ ಜನಜಂಗುಳಿ ಇರುತ್ತದೆ. ಅಲೆ ಎದ್ದಾಗ ಪಕ್ಕದವರು ಮೇಲೆ ಬಿದ್ದು ಚಿಕ್ಕ ಮಕ್ಕಳು ನೀರು ಕುಡಿಯುವುದೇ ಇಲ್ಲಿನ ನಿಜವಾದ ಅಪಾಯ. ಮಗು ಯಾವಾಗಲೂ ನಿಮ್ಮ ಕೈಗೆ ಎಟಕುವಷ್ಟು ಹತ್ತಿರವಿರಲಿ, ಆ ಹೊತ್ತಿಗೆ ಮೊಬೈಲ್ ಕಪಾಟಿನಲ್ಲಿರಲಿ. ಜಾರುಬಂಡೆಯಲ್ಲಿ ಮೊದಲು ಹೋದವರು ಇಳಿದು ಪಕ್ಕಕ್ಕೆ ಸರಿಯುವ ತನಕ ನಂತರದವರನ್ನು ಬಿಡಬಾರದು. ಸಿಬ್ಬಂದಿ ತಡೆದರೆ ಅವರೊಡನೆ ವಾದಿಸಬೇಡಿ.

ಸಂಜೆ: ಕೆರೆ

ನಾಲ್ಕೂವರೆಯ ನಂತರ ಕೆರೆಗೆ ಇಳಿಯಿರಿ. ಬಿಸಿಲು ಓರೆಯಾಗಿ ನೀರಿನ ಬಣ್ಣ ತಿರುಗುವ ಹೊತ್ತು ಅದು. ದೋಣಿ ವಿಹಾರಕ್ಕೆ ಕೊನೆಯ ಸಮಯ ಯಾವುದೆಂದು ಬೆಳಗ್ಗೆಯೇ ಕೇಳಿಟ್ಟುಕೊಂಡಿದ್ದರೆ ಓಡಬೇಕಾಗಿಲ್ಲ. ಈಜು ಬಂದರೂ ಬರದಿದ್ದರೂ ಜೀವರಕ್ಷಕ ಜಾಕೆಟ್ ಹಾಕಿ, ಅದರ ಪಟ್ಟಿಗಳನ್ನು ಬಿಗಿದುಕೊಳ್ಳಿ. ಸುಮ್ಮನೆ ಹೆಗಲಿಗೆ ಇಳಿಬಿಟ್ಟ ಜಾಕೆಟ್ ನೀರಿನಲ್ಲಿ ಕಳಚಿ ಮೇಲೆ ತೇಲುತ್ತದೆ. ಪೆಡಲ್ ದೋಣಿಯಲ್ಲಿ ಭಾರ ಎರಡೂ ಬದಿಗೆ ಸಮವಾಗಿರಬೇಕು, ಎದ್ದು ನಿಂತು ಜಾಗ ಬದಲಿಸಬಾರದು. ದೋಣಿ ಬೇಡದವರಿಗೆ ದಡದ ಮರಗಳ ಕೆಳಗಿನ ದಾರಿಯೇ ಸಾಕು. ಪಶ್ಚಿಮ ಘಟ್ಟದ ಮರಗಳನ್ನು ಈ ಆವರಣದಲ್ಲಿ ಆಸ್ಥೆಯಿಂದ ಬೆಳೆಸಿದ್ದಾರೆ, ಫಲಕ ನೋಡಿ ಮಕ್ಕಳಿಗೆ ಐದು ಮರಗಳ ಹೆಸರನ್ನಾದರೂ ಪರಿಚಯಿಸಿ.

ಹೊರಡುವಾಗ ಎತ್ತಿಟ್ಟ ಮಣ್ಣಿನ ಪಾತ್ರೆಯನ್ನು ಮರೆಯಬೇಡಿ. ಮನೆಗೆ ತಂದ ಮೇಲೆ ಅದನ್ನು ಒಂದು ದಿನ ತಣ್ಣೀರಿನಲ್ಲಿ ಮುಳುಗಿಸಿಡಿ. ಆಮೇಲೆ ಕುಚ್ಚಲಕ್ಕಿಯ ತೆಳಿ ತುಂಬಿ ಸಣ್ಣ ಉರಿಯಲ್ಲಿ ಕುದಿಸಿ, ಆರಲು ಬಿಟ್ಟು ಚೆಲ್ಲಿ. ಇದನ್ನು ಎರಡು ಮೂರು ದಿನ ಮಾಡಿದರೆ ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಗಂಜಿ ತುಂಬಿಕೊಂಡು ಪಾತ್ರೆ ಪಳಗುತ್ತದೆ. ಸಾಬೂನು ಹಾಕಬಾರದು, ಬಿಸಿ ಪಾತ್ರೆಗೆ ತಣ್ಣೀರು ಸುರಿಯಬಾರದು. ನಾವು ಆ ಜನವರಿಯಲ್ಲಿ ತಂದ ಪಾತ್ರೆಯಲ್ಲಿ ಅಮ್ಮ ಈಗಲೂ ಬಂಗುಡೆ ಸಾರು ಮಾಡುತ್ತಾರೆ.